ಒಂದೇ ತಂತಿಯ ಮೇಲೆ ಫ್ಯಾಕ್ಸೂ ಇಂಟರ್ನೆಟ್ಟೂ

(ಸಂಘದ ಗ್ರೇಟರ್ ನೋಯ್ಡಾ ಶಾಖೆಯ ಮಾಸಿಕ ಸಭೆಯಲ್ಲಿ ಕಾರ್ಯಕರ್ತರೊಬ್ಬರು ಮಾಡಿದ ಭಾಷಣ)



ಇಂದಿನ ಭಾಷಣದ ವಿಷಯವನ್ನು ಕೇಳಿ ನಿಮ್ಮಲ್ಲಿ ಕೆಲವರಿಗೆ ನಗು ಬಂದಿರಬಹುದು. ಕೂಲಿ, ಬೋನಸ್ಸು, ರಜೆ, ಪ್ರಾವಿಡೆಂಟ್ ಫಂಡು ಇವುಗಳ ಮಾತು ನಡೆಯಬೇಕಾದ ಸಭೆಯಲ್ಲಿ ಫ್ಯಾಕ್ಸ್ ಯಂತ್ರ ಕೆಟ್ಟರೆ ಏನು ಮಾಡಬೇಕೆಂಬ ಮಾತು ಏಕೆ ಎಂದು ಕೇಳಿದರೆ ಅದು ನ್ಯಾಯವೇ. ನಮ್ಮ ಉತ್ತರ ಇಷ್ಟೆ: ನಮ್ಮ ಹಕ್ಕುಗಳೆಲ್ಲ ಕಾಗದದ ಮೇಲಿವೆ. ಆ ಕಾಗದ ಮುಟ್ಟಬೇಕಾದ ಜಾಗಕ್ಕೆ ಮುಟ್ಟಬೇಕಾದ ಹೊತ್ತಿಗೆ ಮುಟ್ಟದೆ ಹೋದರೆ ಹಕ್ಕು ಇದ್ದೂ ಇಲ್ಲದಂತೆ. ನಮ್ಮ ಶಾಖೆಗೆ ಸ್ವಂತ ಕಟ್ಟಡವಿಲ್ಲ. ಸದಸ್ಯರೊಬ್ಬರ ಬಾಡಿಗೆ ಮನೆಯ ಮುಂದಿನ ಕೋಣೆಯೇ ಕಚೇರಿ. ಆ ಮನೆಯ ಒಂದೇ ಟೆಲಿಫೋನ್ ಲೈನಿನ ಮೇಲೆ ಮನೆಯವರ ಮಾತೂ, ಮಕ್ಕಳ ಇಂಟರ್ನೆಟ್ಟೂ, ಸಂಘದ ಫ್ಯಾಕ್ಸೂ ನಡೆಯಬೇಕು. ಇಂಥ ಏರ್ಪಾಡಿನಲ್ಲಿ ಕೆಡುಕು ಎಲ್ಲಿದೆಯೆಂದು ಹುಡುಕುವ ಕ್ರಮವನ್ನು ನಾವು ಕಲಿಯದಿದ್ದರೆ, ಕಾಗದವೂ ಹೋಗುವುದಿಲ್ಲ, ಮನೆಯ ಶಾಂತಿಯೂ ಉಳಿಯುವುದಿಲ್ಲ.

ಮೊದಲು ಈ ಊರಿನ ಸ್ಥಿತಿಯನ್ನು ನೆನೆಯೋಣ. 1991ರಲ್ಲಿ ಪ್ರಾಧಿಕಾರವೊಂದನ್ನು ಸ್ಥಾಪಿಸಿ ಕಟ್ಟತೊಡಗಿದ ಊರು ಇದು. ಆಲ್ಫಾ, ಬೀಟಾ, ಗಾಮಾ ಎಂದು ಗ್ರೀಕ್ ಅಕ್ಷರಗಳ ಹೆಸರಿನ ಸೆಕ್ಟರುಗಳು, ಸೂರಜ್‌ಪುರ, ಕಾಸನಾ ಕಡೆಗೆ ಕಾರ್ಖಾನೆಗಳು, ನಾಲೆಜ್ ಪಾರ್ಕಿನಲ್ಲಿ ಕಾಲೇಜುಗಳು. ಈ ಕಾರ್ಖಾನೆ ಕಾಲೇಜುಗಳ ಕ್ಯಾಂಟೀನುಗಳಲ್ಲಿ ನಮ್ಮವರು ಕೆಲವರು ದುಡಿಯುತ್ತಿದ್ದಾರೆ. ಇಲ್ಲಿಗೆ ಮೆಟ್ರೋ ರೈಲು ಬಂದದ್ದು 2019ರ ಜನವರಿಯಲ್ಲಿ. ಅದಕ್ಕೆ ಮೊದಲು ದಿಲ್ಲಿಯ ಒಂದು ಕಚೇರಿಗೆ ಒಂದು ಅರ್ಜಿ ಕೊಟ್ಟು ಬರಬೇಕಾದರೆ ಬಸ್ಸು ಬದಲಿಸುತ್ತ ಒಂದು ದಿನ ಹೋಗುತ್ತಿತ್ತು. ಆ ದಿನದ ಕೂಲಿಯೂ ಹೋಗುತ್ತಿತ್ತು. ಒಂದು ಫ್ಯಾಕ್ಸ್ ಹಾಳೆ ಹೋಯಿತೆಂದರೆ ಒಬ್ಬ ಕೆಲಸಗಾರನ ಒಂದು ದಿನದ ಕೂಲಿ ಉಳಿಯಿತೆಂದೇ ಅರ್ಥ.

ಈಗ ಯಂತ್ರದ ವಿಷಯ. ಫ್ಯಾಕ್ಸ್ ಎಂದರೆ ಮೊನ್ನೆ ಮೊನ್ನೆ ಹುಟ್ಟಿದ ವಸ್ತುವೆಂದು ನಾವು ತಿಳಿದಿರುತ್ತೇವೆ. ತಂತಿಯ ಮೂಲಕ ಚಿತ್ರವನ್ನು ಕಳುಹಿಸುವ ಉಪಾಯಕ್ಕೆ 1843ರಲ್ಲೇ ಪೇಟೆಂಟು ಪಡೆದವನು ಸ್ಕಾಟ್‌ಲೆಂಡಿನ ಅಲೆಗ್ಸಾಂಡರ್ ಬೇನ್. ಬಡ ರೈತನ ಮಗ. ಗಡಿಯಾರ ಮಾಡುವವನ ಬಳಿ ಕೆಲಸ ಕಲಿತವನು. ಬೆಲ್ ಟೆಲಿಫೋನಿಗೆ ಪೇಟೆಂಟು ಪಡೆದದ್ದು 1876ರಲ್ಲಿ, ಎಂದರೆ ಅದಕ್ಕೂ 33 ವರ್ಷಗಳ ತರುವಾಯ. ಕೈಕಸುಬಿನವನೊಬ್ಬ ಯೋಚಿಸಿ ಮಾಡಿದ ಯಂತ್ರ ಕೈಕಸುಬಿನವರಾದ ನಮಗೆ ಅರ್ಥವಾಗಲಾರದೆಂದು ಹೆದರಬೇಕಾಗಿಲ್ಲ.

ಅದರ ಕೆಲಸ ನಡೆಯುವುದು ಹೀಗೆ. ಮಗ್ಗದಲ್ಲಿ ಹೊಕ್ಕು ಒಂದೊಂದೇ ಎಳೆಯಾಗಿ ಬೀಳುವಂತೆ, ಯಂತ್ರವು ಹಾಳೆಯನ್ನು ಒಂದೊಂದೇ ಗೆರೆಯಾಗಿ ನೋಡುತ್ತದೆ. ಒಂದೊಂದು ಗೆರೆಯಲ್ಲಿ 1,728 ಚುಕ್ಕೆಗಳು. ಕಪ್ಪೋ ಬಿಳುಪೋ ಎಂಬುದನ್ನು ಸಂಕೇತ ಮಾಡಿ, ಸಂಕೇತವನ್ನು ಶಬ್ದ ಮಾಡಿ, ಟೆಲಿಫೋನಿನಲ್ಲಿ ನಾವು ಮಾತನಾಡುವಂತೆಯೇ ಅದೂ ಮಾತನಾಡುತ್ತದೆ. ಕರೆ ಮಾಡಿದ ಯಂತ್ರ ಮೂರು ಮೂರು ಸೆಕೆಂಡಿಗೊಮ್ಮೆ ‘ಪೀ’ ಎಂದು ಕೂಗುತ್ತದೆ. ಆ ಬದಿಯ ಯಂತ್ರ ಎತ್ತಿಕೊಂಡರೆ ಇನ್ನೂ ಎತ್ತರದ ಸ್ವರದಲ್ಲಿ ಉದ್ದವಾಗಿ ಉತ್ತರ ಕೊಡುತ್ತದೆ. ಬಳಿಕ ಎರಡೂ ಕರಕರ ಸದ್ದು ಮಾಡುತ್ತ, ಈ ಲೈನಿನಲ್ಲಿ ಎಷ್ಟು ವೇಗವಾಗಿ ಮಾತನಾಡಬಹುದೆಂದು ಒಪ್ಪಂದಕ್ಕೆ ಬರುತ್ತವೆ. ಸೆಕೆಂಡಿಗೆ 14,400 ಸಂಕೇತಗಳ ವೇಗ ಸಾಧ್ಯವಾಗದಿದ್ದರೆ 9,600, ಅದೂ ಆಗದಿದ್ದರೆ 4,800 ಅಥವಾ 2,400. ಬಂಧುಗಳೇ, ಈ ಮೂರು ಸದ್ದುಗಳನ್ನು ಕಿವಿಯಲ್ಲಿಟ್ಟುಕೊಳ್ಳಿ. ಕೆಡುಕು ಯಾವ ಹಂತದಲ್ಲಿದೆಯೆಂಬುದನ್ನು ಅವೇ ಹೇಳುತ್ತವೆ.

ಇನ್ನು ಇಂಟರ್ನೆಟ್ಟು. ನಮ್ಮ ದೇಶದಲ್ಲಿ ಅದು ಸಾರ್ವಜನಿಕರ ಕೈಗೆ ಬಂದದ್ದು 1995ರ ಆಗಸ್ಟ್ 15ರಂದು. ಆಗ ಕಂಪ್ಯೂಟರು ಟೆಲಿಫೋನಿನಂತೆಯೇ ನಂಬರು ತಿರುಗಿಸಿ ಲೈನನ್ನು ಪೂರ್ತಿ ಹಿಡಿದುಕೊಳ್ಳುತ್ತಿತ್ತು. ಒಬ್ಬರು ಇಂಟರ್ನೆಟ್ಟಿನಲ್ಲಿದ್ದರೆ ಹೊರಗಿನವರಿಗೆ ‘ಎಂಗೇಜ್’ ಸದ್ದೇ ಗತಿ. ಫ್ಯಾಕ್ಸ್ ಬರುವಂತೆಯೂ ಇಲ್ಲ, ಹೋಗುವಂತೆಯೂ ಇಲ್ಲ. 2005ರಲ್ಲಿ ಸರ್ಕಾರಿ ದೂರವಾಣಿ ಸಂಸ್ಥೆಗಳು ಬ್ರಾಡ್‌ಬ್ಯಾಂಡ್ ಕೊಡತೊಡಗಿದ ಮೇಲೆ ಒಂದೇ ತಾಮ್ರದ ತಂತಿಯಲ್ಲಿ ಎರಡೂ ಕೂಡಿ ನಡೆಯುವಂತಾಯಿತು. ಮನುಷ್ಯರ ಮಾತಿಗೂ ಫ್ಯಾಕ್ಸಿಗೂ ಟೆಲಿಫೋನಿನಲ್ಲಿ ಬೇಕಾದದ್ದು ಸೆಕೆಂಡಿಗೆ 300ರಿಂದ 3,400 ಕಂಪನಗಳಷ್ಟು ತಗ್ಗಿನ ಸ್ವರ. ಆ ಬ್ರಾಡ್‌ಬ್ಯಾಂಡ್ ನಡೆಯುವುದು 25 ಸಾವಿರದಿಂದ 11 ಲಕ್ಷ ಕಂಪನಗಳವರೆಗಿನ ಎತ್ತರದಲ್ಲಿ. ಮುಂದೆ ಬಂದ ಬಗೆಯಲ್ಲಿ ಇನ್ನೂ ಮೇಲೆ. ಕೆಳಗಿನ ಅಂತಸ್ತಿನಲ್ಲಿ ಫೋನು, ಮೇಲಿನ ಅಂತಸ್ತಿನಲ್ಲಿ ಇಂಟರ್ನೆಟ್ಟು ಎಂದು ಇಟ್ಟುಕೊಳ್ಳಿ.

ಆದರೆ ಮೇಲಿನ ಅಂತಸ್ತಿನ ಗದ್ದಲ ಕೆಳಗಿಳಿಯದಂತೆ ನಡುವೆ ಒಂದು ತಡೆ ಬೇಕು. ಅದೇ ಫಿಲ್ಟರು. ನಮ್ಮ ಕಾಫಿ ಫಿಲ್ಟರು ಪುಡಿಯನ್ನು ಮೇಲೆ ಉಳಿಸಿಕೊಂಡು ಡಿಕಾಕ್ಷನ್ನನ್ನು ಮಾತ್ರ ಕೆಳಗೆ ಬಿಡುತ್ತದಲ್ಲವೆ? ಇದೂ ತಗ್ಗಿನ ಸ್ವರವನ್ನು ಮಾತ್ರ ಫೋನಿಗೆ ಬಿಡುತ್ತದೆ. ಮೂರು ತೂತುಗಳಿರುವ ಸಣ್ಣ ಪೆಟ್ಟಿಗೆಯಾಗಿ ಬಂದರೆ ಅದಕ್ಕೆ ಸ್ಪ್ಲಿಟರ್ ಎನ್ನುತ್ತಾರೆ. ಒಂದರಲ್ಲಿ ಹೊರಗಿನಿಂದ ಬರುವ ಲೈನು, ಒಂದರಲ್ಲಿ ಮೋಡೆಮ್, ಒಂದರಲ್ಲಿ ಫೋನು. ನೆನಪಿಡಬೇಕಾದ ನಿಯಮ ಒಂದೇ: ಮೋಡೆಮ್ ಒಂದನ್ನು ಬಿಟ್ಟು, ಮನೆಯಲ್ಲಿ ಲೈನಿಗೆ ಅಂಟಿಕೊಂಡಿರುವ ಪ್ರತಿಯೊಂದು ಉಪಕರಣವೂ ಫಿಲ್ಟರಿನ ಹಿಂದೆ ಇರಬೇಕು. ಫ್ಯಾಕ್ಸೂ ಇರಬೇಕು, ಅಡಿಗೆಮನೆಯ ಎರಡನೆಯ ಫೋನೂ ಇರಬೇಕು.

2014ರಲ್ಲಿ ನಮ್ಮ ಶಾಖೆಯಲ್ಲಿ ನಡೆದದ್ದನ್ನು ಇಲ್ಲಿ ಹೇಳಬೇಕು. ಕುಂದಾಪುರ ಕಡೆಯ ಒಬ್ಬ ಸೋದರನನ್ನು ಕ್ಯಾಂಟೀನಿನ ಗುತ್ತಿಗೆದಾರರು ಮೂರು ತಿಂಗಳ ಸಂಬಳ ಬಾಕಿ ಇಟ್ಟುಕೊಂಡೇ ಕೆಲಸದಿಂದ ಬಿಡಿಸಿದ್ದರು. ಬೇರೆ ಊರಿನಲ್ಲಿದ್ದ ಅವರ ಮುಖ್ಯ ಕಚೇರಿಯವರು, ಹಾಜರಿ ಚೀಟಿಯ ನಕಲು ಮತ್ತು ಪತ್ರ ಆ ಸಾಯಂಕಾಲ 5 ಗಂಟೆಯೊಳಗೆ ಫ್ಯಾಕ್ಸಿನಲ್ಲಿ ಬಂದರೆ ಸರಿ, ಇಲ್ಲವಾದರೆ ಲೆಕ್ಕ ಮುಗಿಯಿತು ಎಂದರು. ಒಟ್ಟು ಐದು ಹಾಳೆ. ಮೊದಲನೆಯದು ಹೋಯಿತು, ಎರಡನೆಯದರ ನಡುವೆ ಲೈನು ಕಡಿಯಿತು. ಮತ್ತೆ ಹಾಕಿದರೂ ಅದೇ ಗತಿ.

ಈ ಕಾಟ ಅಂದು ಹೊಸದಾಗಿರಲಿಲ್ಲ. ತಿಂಗಳುಗಳಿಂದ ಫ್ಯಾಕ್ಸ್ ನಿಂತಾಗಲೆಲ್ಲ ಮನೆಯ ಹುಡುಗನಿಗೆ ಬೈಗುಳ: “ಏ ತಮ್ಮ, ಆ ನೆಟ್ ಆರಿಸು!” ಅವನು ಆರಿಸಿದರೆ ಫ್ಯಾಕ್ಸ್ ಹೋಗುತ್ತಿದ್ದುದೂ ನಿಜ. ಆದ್ದರಿಂದ ತಪ್ಪು ಅವನದೇ ಎಂದು ಎಲ್ಲರ ತೀರ್ಮಾನ. ಒಮ್ಮೆ ಅವನ ಕಾಲೇಜಿನ ಅರ್ಜಿ ಅರ್ಧಕ್ಕೆ ನಿಂತು ಅವನು ಅತ್ತದ್ದೂ ಉಂಟು. ರಿಪೇರಿಯವರೊಬ್ಬರು ನೋಡಿ, ಯಂತ್ರ ಮುದುಕನಾಗಿದೆ, ಹೊಸದು ಕೊಳ್ಳಿ ಎಂದಿದ್ದರು. ಫೋನಿನಲ್ಲಿ ಮಾತು ಸ್ವಚ್ಛವಾಗಿ ಕೇಳುತ್ತಿದ್ದುದರಿಂದ ಲೈನಿನ ಮೇಲೆ ಯಾರಿಗೂ ಸಂಶಯವಿರಲಿಲ್ಲ. ಆ ದಿನ ಮನೆಯ ಅತ್ತಿಗೆಯವರೇ ಕೇಳಿದರು: “ಫೋನಿಗೆ ಆಗದ ತೊಂದರೆ ಫ್ಯಾಕ್ಸಿಗೆ ಮಾತ್ರ ಏಕೆ ಆಗುತ್ತದೆ? ಎರಡೂ ಒಂದೇ ತಂತಿಯಲ್ಲವೆ?”

ಆ ಪ್ರಶ್ನೆಯನ್ನು ಹಿಡಿದು ನಾವು ತಂತಿಯ ಜಾಡಿನಲ್ಲಿ ಗೋಡೆಗುಂಟ ಹೋದೆವು. ಫೋನಿನ ತಂತಿ ಸ್ಪ್ಲಿಟರಿನಿಂದ ಬಂದಿತ್ತು. ಫ್ಯಾಕ್ಸಿನ ತಂತಿ ಮಾತ್ರ ಕಪಾಟಿನ ಹಿಂದೆ ಹಾದು, ಸ್ಪ್ಲಿಟರಿಗೂ ಮೊದಲೇ ಇದ್ದ ಸಾಕೆಟ್ಟಿನಿಂದ ನೇರವಾಗಿ ಬಂದಿತ್ತು. ವೈರ್‌ಮನ್ ಹತ್ತಿರವೆಂದು ಹಾಗೆ ಎಳೆದು ಹೋಗಿದ್ದ. ಇಂಟರ್ನೆಟ್ಟಿನ ಗದ್ದಲವೆಲ್ಲ ತಡೆಯಿಲ್ಲದೆ ಫ್ಯಾಕ್ಸಿನ ಕಿವಿಗೆ ಬೀಳುತ್ತಿತ್ತು. ಎರಡು ರೂಪಾಯಿ ಖರ್ಚಿಲ್ಲದೆ ಆ ತಂತಿಯನ್ನು ಸ್ಪ್ಲಿಟರಿನ ಫೋನ್ ತೂತಿನ ಕಡೆಗೆ ಬದಲಿಸಿದೆವು. ನಾಲ್ಕೂ ಮುಕ್ಕಾಲಿಗೆ ಐದು ಹಾಳೆಯೂ ಹೋದವು. ಆ ಹೊತ್ತಿನಲ್ಲಿ ಹುಡುಗನ ನೆಟ್ಟೂ ನಡೆದೇ ಇತ್ತು. ಯಂತ್ರ ಮುದುಕನಾಗಿರಲಿಲ್ಲ, ಹುಡುಗನದೂ ತಪ್ಪಿರಲಿಲ್ಲ.

ಇದರಿಂದ ನಾವು ಕಟ್ಟಿಕೊಂಡ ಕ್ರಮವನ್ನು ಈಗ ಹೇಳುತ್ತೇವೆ. ಬರೆದುಕೊಳ್ಳುವವರು ಬರೆದುಕೊಳ್ಳಬಹುದು. ನೂಲು ಹರಿದರೆ ಮಗ್ಗವನ್ನೆಲ್ಲ ಯಾರೂ ಬಿಚ್ಚುವುದಿಲ್ಲ. ಎಳೆಯನ್ನು ಹಿಡಿದು ಹೋಗುತ್ತಾರೆ. ಇಲ್ಲಿಯೂ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು. ಮೂರನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಹೋಯಿತೆಂದು ತಿಳಿಯದು.

ಒಂದು: ಮೊದಲು ಕಿವಿಯಿಂದ ಪರೀಕ್ಷೆ. ಫೋನೆತ್ತಿ ಡಯಲ್ ಟೋನ್ ಇದೆಯೇ ನೋಡಿ. ಒಂದು ಅಂಕಿಯನ್ನು ಒತ್ತಿದರೆ ಟೋನ್ ನಿಲ್ಲುತ್ತದೆ. ಆಗ ನಿಶ್ಶಬ್ದವಾಗಿರಬೇಕು. ಚರಚರ ಸದ್ದು ಕೇಳಿದರೆ ಮೋಡೆಮ್ಮನ್ನು ಲೈನಿನಿಂದ ಕಳಚಿ ಮತ್ತೆ ಕೇಳಿ. ಸದ್ದು ನಿಂತರೆ ಫಿಲ್ಟರಿನ ದೋಷ. ನಿಲ್ಲದಿದ್ದರೆ ತಂತಿಯ ಕೂಡಿಕೆಯಲ್ಲಿ ಕಿಲುಬು ಅಥವಾ ಮಳೆನೀರು ಇರಬಹುದು.

ಎರಡು: ಅದೇ ಫೋನಿನಿಂದ ಆ ಕಚೇರಿಯ ಫ್ಯಾಕ್ಸ್ ನಂಬರಿಗೆ ನೀವೇ ಕರೆಮಾಡಿ. ಎತ್ತರದ ಉದ್ದನೆಯ ‘ಪೀ’ ಕೇಳಿದರೆ ಆ ಬದಿಯ ಯಂತ್ರ ಜೀವಂತವಾಗಿದೆ. ಬರಿಯ ಗಂಟೆ ಬಾರಿಸುತ್ತಿದ್ದರೆ ಅಥವಾ ಮನುಷ್ಯರು ‘ಹಲೋ’ ಎಂದರೆ ನಿಮ್ಮ ಯಂತ್ರದ ತಪ್ಪಲ್ಲ. ಇಲ್ಲಿಂದ ದಿಲ್ಲಿಗೆ 011 ಸೇರಿಸಬೇಕು. ದಿಲ್ಲಿಯಿಂದ ಇಲ್ಲಿಗೆ 0120. ಎಸ್‌ಟಿಡಿ ಬಂದ್ ಮಾಡಿಸಿದ ಲೈನಾದರೆ ಒಬ್ಬ ಹೆಂಗಸು ಹಾಗೆಂದು ರೆಕಾರ್ಡಿನಲ್ಲಿ ಹೇಳುತ್ತಾಳೆ. ಆ ಮಾತು ಯಂತ್ರಕ್ಕೆ ತಿಳಿಯದು; ‘ಉತ್ತರವಿಲ್ಲ’ ಎಂದಷ್ಟೇ ಚೀಟಿ ಕೊಡುತ್ತದೆ.

ಮೂರು: ಯಂತ್ರದ ಹಿಂದೆ ಎರಡು ತೂತುಗಳಿರುತ್ತವೆ. ‘ಲೈನ್’ ಎಂಬುದಕ್ಕೆ ಗೋಡೆಯಿಂದ ಬರುವ ತಂತಿ. ಇನ್ನೊಂದು ಪಕ್ಕದಲ್ಲಿಡುವ ಫೋನಿಗೆ. ಧೂಳು ಒರೆಸುವಾಗ ಕಳಚಿ ಅದಲುಬದಲಾಗಿ ಸಿಕ್ಕಿಸುವುದು ಸಾಮಾನ್ಯ.

ನಾಲ್ಕು: ಲೈನಿನಿಂದ ಉಳಿದದ್ದನ್ನೆಲ್ಲ ಕಳಚಿ ಫ್ಯಾಕ್ಸನ್ನು ಒಂಟಿಯಾಗಿ ಮೊದಲ ಸಾಕೆಟ್ಟಿಗೆ ಸಿಕ್ಕಿಸಿ ಕಳುಹಿಸಿ. ಹೋದರೆ ಲೈನೂ ಯಂತ್ರವೂ ಒಳ್ಳೆಯವೇ. ದೋಷ ಮನೆಯೊಳಗಿನ ತಂತಿಯದು. ಆಗ ಮೊದಲು ಸ್ಪ್ಲಿಟರು, ಆಮೇಲೆ ಮೋಡೆಮ್, ಆಮೇಲೆ ಎರಡನೆಯ ಫೋನು ಹೀಗೆ ಒಂದೊಂದನ್ನೇ ಸೇರಿಸುತ್ತ ಪ್ರತಿ ಸಲವೂ ಒಂದು ಹಾಳೆ ಕಳುಹಿಸಿ. ಯಾವುದನ್ನು ಸೇರಿಸಿದಾಗ ನಿಂತಿತೋ ಅದೇ ಕಳ್ಳ.

ಐದು: ಒಂಟಿಯಾಗಿ ಸಿಕ್ಕಿಸಿದರೂ ಹೋಗದಿದ್ದರೆ ಯಂತ್ರವನ್ನು ನೆರೆಮನೆಯ ಲೈನಿಗೆ ಒಯ್ದು ನೋಡಿ. ಅಲ್ಲಿ ಹೋದರೆ ನಿಮ್ಮ ಲೈನಿನ ದೋಷ; ಕಂಪನಿಗೆ ದೂರು ಬರೆಸಿ ದೂರಿನ ನಂಬರು ಪಡೆಯಿರಿ. ಅಲ್ಲಿಯೂ ಹೋಗದಿದ್ದರೆ ಮಾತ್ರ ಯಂತ್ರಕ್ಕೆ ರಿಪೇರಿಯವರನ್ನು ಕರೆಯಿರಿ.

ಆರು: ನಡುವೆ ಕಡಿಯುವುದಕ್ಕೆ ಬೇರೆ ಎರಡು ಕಾರಣಗಳುಂಟು. ಇನ್ನೊಂದು ಕೋಣೆಯಲ್ಲಿ ಯಾರಾದರೂ ರಿಸೀವರ್ ಎತ್ತಿರಬಹುದು. ಇಲ್ಲವೆ ‘ಕಾಲ್ ವೇಟಿಂಗ್’ ಸೌಕರ್ಯವಿದ್ದು ಎರಡನೆಯ ಕರೆಯ ‘ಟುಂಯ್’ ಸದ್ದು ಹಾಳೆಯ ನಡುವೆ ನುಗ್ಗಿರಬಹುದು. ಕಂಪನಿಗೆ ಹೇಳಿ ಆ ಸೌಕರ್ಯವನ್ನು ನಿಲ್ಲಿಸಿ. ಬರುವ ಫ್ಯಾಕ್ಸ್ ಹಿಡಿಯದಿದ್ದರೆ ಯಂತ್ರ ‘ಆಟೋ’ದಲ್ಲಿದೆಯೇ, ಎಷ್ಟನೆಯ ಗಂಟೆಗೆ ಎತ್ತುತ್ತದೆ ಎಂಬುದನ್ನು ನೋಡಿ.

ಏಳು: ಇಷ್ಟಾದರೂ ತಡವರಿಸಿದರೆ ವೇಗವನ್ನು 9,600ಕ್ಕೆ ಇಳಿಸಿ. ಹಾಳೆ ತುಸು ನಿಧಾನವಾಗಿ ಹೋದೀತು, ಆದರೆ ಹೋದೀತು.

ಇವೆಲ್ಲ ತಾಮ್ರದ ತಂತಿಯ ಮಾತು. ಈಗ ಅನೇಕ ಮನೆಗಳಲ್ಲಿ ತಾಮ್ರವನ್ನು ತೆಗೆದು ಗಾಜಿನ ಎಳೆ, ಎಂದರೆ ಫೈಬರ್, ಹಾಕಿದ್ದಾರೆ. ನಮ್ಮ ಶಾಖೆಯ ಮನೆಯಲ್ಲಿಯೂ ಹಾಕಿದರು. ಇಂಟರ್ನೆಟ್ಟಿನ ವೇಗ ಹೆಚ್ಚಿತು, ಫ್ಯಾಕ್ಸ್ ಮಾತ್ರ ಮತ್ತೆ ಮೊಂಡಾಯಿತು. ಈ ಸಲದ ಕಾರಣವೇ ಬೇರೆ. ಫೈಬರಿನಲ್ಲಿ ಹಳೆಯ ಸಾಕೆಟ್ಟುಗಳಿಗೆ ಜೀವವಿಲ್ಲ. ಫೋನನ್ನೂ ಫ್ಯಾಕ್ಸನ್ನೂ ಕಂಪನಿಯ ಪೆಟ್ಟಿಗೆಯಲ್ಲಿರುವ ಫೋನ್ ತೂತಿಗೇ ಸಿಕ್ಕಿಸಬೇಕು. ಫಿಲ್ಟರ್ ಬೇಕಾಗಿಲ್ಲ. ಇಲ್ಲಿ ಧ್ವನಿಯನ್ನು ಸಣ್ಣ ಸಣ್ಣ ಪೊಟ್ಟಣಗಳಾಗಿ ಕಟ್ಟಿ ಕಳುಹಿಸುತ್ತಾರೆ. ಜಾಗ ಉಳಿಸಲು ಕೆಲವೊಮ್ಮೆ ಧ್ವನಿಯನ್ನು ಹಿಂಡಿ ಸಣ್ಣದು ಮಾಡುತ್ತಾರೆ. ಮನುಷ್ಯನ ಮಾತು ಹಿಂಡಿದರೂ ಅರ್ಥವಾಗುತ್ತದೆ, ಫ್ಯಾಕ್ಸಿನ ಸಂಕೇತ ಅರ್ಥವಾಗುವುದಿಲ್ಲ. ಒಂದು ಪೊಟ್ಟಣ ದಾರಿಯಲ್ಲಿ ಬಿದ್ದುಹೋದರೂ ಸಾಕು, ಗೆರೆಗಳೇ ಹಾರಿಹೋಗುತ್ತವೆ. ಆದ್ದರಿಂದ ಕಂಪನಿಯವರನ್ನು ಎರಡು ಮಾತು ಕೇಳಿ: “ಈ ಫೋನ್ ತೂತಿನಲ್ಲಿ ಫ್ಯಾಕ್ಸಿಗಾಗಿ ಟಿ.38 ಎಂಬ ಏರ್ಪಾಡು ಇದೆಯೇ? ಇಲ್ಲವಾದರೆ ಧ್ವನಿಯನ್ನು ಹಿಂಡದೆ ಜಿ.711 ಎಂಬ ಕ್ರಮದಲ್ಲಿ ಕಳುಹಿಸುತ್ತೀರಾ?” ಈ ಹೆಸರುಗಳನ್ನು ಹೇಳಿದರೆ ಬಲ್ಲವರ ಕೈಗೆ ಕರೆಯನ್ನು ಕೊಡುತ್ತಾರೆಂಬುದು ನಮ್ಮ ಅನುಭವ. ಎರಡೂ ಇಲ್ಲವೆಂದರೆ ಆ ಲೈನಿನ ಮೇಲೆ ಫ್ಯಾಕ್ಸನ್ನು ನಂಬಬೇಡಿ. ಇನ್ನೊಂದು ಮಾತು: ತಾಮ್ರದ ಫೋನಿಗೆ ಎಕ್ಸ್‌ಚೇಂಜಿನಿಂದಲೇ ವಿದ್ಯುತ್ತು ಬರುತ್ತಿತ್ತು, ಕರೆಂಟು ಹೋದರೂ ಫೋನು ನಡೆಯುತ್ತಿತ್ತು. ಫೈಬರಿನ ಪೆಟ್ಟಿಗೆಗೆ ಮನೆಯ ಕರೆಂಟೇ ಬೇಕು.

ಕಳುಹಿಸಿದ ಮೇಲೆ ಬರುವ ಚೀಟಿಯ ವಿಷಯಕ್ಕೆ ಬರೋಣ. ಗಲ್ಲೆಯಲ್ಲಿ ಹಣ ಕೊಟ್ಟವನಿಗೆ ರಸೀತಿ ಹೇಗೋ ಕಾಗದ ಕಳುಹಿಸಿದವನಿಗೆ ಈ ಚೀಟಿ ಹಾಗೆ. ನಂಬರು, ದಿನ, ಹೊತ್ತು, ಹಾಳೆಗಳ ಸಂಖ್ಯೆ, ‘ಓ.ಕೆ.’ ಎಂಬ ಮಾತು ಅದರಲ್ಲಿರುತ್ತವೆ. ಯಂತ್ರದ ಗಡಿಯಾರ ತಪ್ಪಿದ್ದರೆ ಚೀಟಿಯ ಹೊತ್ತೂ ತಪ್ಪು, ಅದನ್ನು ಸರಿಯಾಗಿಡಿ. 2014ರ ಆ ಕೆಲಸದಲ್ಲಿ ಗುತ್ತಿಗೆದಾರರ ಕಡೆಯವರು ವಾರದ ಬಳಿಕ, ಕಾಗದ ಬಂದೇ ಇಲ್ಲ ಎಂದರು. 4 ಗಂಟೆ 46 ನಿಮಿಷದ ಚೀಟಿಯನ್ನು ಮುಂದಿಟ್ಟೆವು. ಎರಡು ತಿಂಗಳ ಸಂಬಳ ಬಂತು. ಮೂರನೆಯದಕ್ಕೆ ಇನ್ನೂ ಎಂಟು ತಿಂಗಳು ಅಲೆದೆವು.

ಚೀಟಿಯನ್ನು ಕುರಿತು ಎರಡು ಎಚ್ಚರಿಕೆ. ಹಾಳೆಯನ್ನು ಹಿಂದುಮುಂದಾಗಿ ಇಟ್ಟರೆ ಖಾಲಿ ಬೆನ್ನು ಹೋಗುತ್ತದೆ. ಆಗಲೂ ಚೀಟಿ ‘ಓ.ಕೆ.’ ಎಂದೇ ಹೇಳುತ್ತದೆ. ಆದ್ದರಿಂದ ಕಳುಹಿಸಿದ ಮೇಲೆ ಫೋನು ಮಾಡಿ, ಓದಲು ಬರುತ್ತದೆಯೇ ಎಂದು ಕೇಳಿ, ಉತ್ತರ ಕೊಟ್ಟವರ ಹೆಸರನ್ನು ಚೀಟಿಯ ಮೇಲೆ ಬರೆದಿಡಿ. ಎರಡನೆಯದು, ನಯವಾದ ಶಾಖದ ಕಾಗದದ ಮೇಲೆ ಬಂದ ಚೀಟಿ ಹೋಟೆಲ್ ಬಿಲ್ಲಿನಂತೆ ಕೆಲವು ತಿಂಗಳಲ್ಲಿ ಮಾಸಿಹೋಗುತ್ತದೆ. ಅಂದೇ ಝೆರಾಕ್ಸ್ ಮಾಡಿಸಿ.

ಫ್ಯಾಕ್ಸಿನ ಕಾಲ ಮುಗಿಯಿತಲ್ಲ ಎಂದು ಯುವಕರು ಹೇಳುವರು. ಮುಗಿಯುತ್ತ ಬಂದಿದೆ, ನಿಜ. ನಮ್ಮ ಹಿರಿಯರು ಎದೆಯೊಡೆದು ತೆರೆಯುತ್ತಿದ್ದ ತಂತಿ, ಎಂದರೆ ಟೆಲಿಗ್ರಾಂ, 2013ರ ಜುಲೈಯಲ್ಲಿ ನಿಂತಿತು. ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳು 2019ರ ಜನವರಿಯಿಂದ ಹೊಸ ಫ್ಯಾಕ್ಸ್ ಯಂತ್ರ ಕೊಳ್ಳಬಾರದೆಂದು ಅಲ್ಲಿನ ಸರ್ಕಾರ ಆಜ್ಞೆ ಮಾಡಿತು. ಜಪಾನಿನಲ್ಲಿ 2021ರಲ್ಲಿ ಸರ್ಕಾರಿ ಕಚೇರಿಗಳಿಂದ ಅದನ್ನು ತೆಗೆಯಲು ಹೊರಟಾಗ ನೂರಾರು ಆಕ್ಷೇಪಗಳು ಬಂದು ಯೋಜನೆ ಹಿಂದೆ ಬಿತ್ತು. ನಮ್ಮಲ್ಲಿಯೂ ತಲೆಬರಹದಲ್ಲಿ ಫ್ಯಾಕ್ಸ್ ನಂಬರು ಅಚ್ಚು ಮಾಡಿಸಿರುವ ಕಚೇರಿಗಳು ಇನ್ನೂ ಇವೆ. ಆದರೆ ನಂಬರಿದ್ದ ಮಾತ್ರಕ್ಕೆ ಯಂತ್ರದ ಬಳಿ ಮನುಷ್ಯರಿದ್ದಾರೆಂದು ತಿಳಿಯಬಾರದು. 2018ರ ನವೆಂಬರ್ 21ರಂದು ಮೆಹಬೂಬಾ ಮುಫ್ತಿಯವರು ಜಮ್ಮು ಕಾಶ್ಮೀರದಲ್ಲಿ ಸರ್ಕಾರ ರಚಿಸುವ ಹಕ್ಕನ್ನು ಮಂಡಿಸಿ ಬರೆದ ಪತ್ರ ರಾಜಭವನಕ್ಕೆ ಫ್ಯಾಕ್ಸಿನಲ್ಲಿ ಹೋಗುತ್ತಿಲ್ಲ ಎಂದರು. ಅದೇ ರಾತ್ರಿ ವಿಧಾನಸಭೆ ವಿಸರ್ಜನೆಯಾಯಿತು. ಅಂದು ಈದ್ ರಜೆ, ಫ್ಯಾಕ್ಸ್ ನೋಡಿಕೊಳ್ಳುವವರಿರಲಿ, ಅಡಿಗೆಯವರೂ ರಜೆಯಲ್ಲಿದ್ದರು ಎಂದು ರಾಜ್ಯಪಾಲ ಸತ್ಯಪಾಲ್ ಮಲಿಕ್ ಅವರು ಬಳಿಕ ಹೇಳಿದರು. ಅದರ ರಾಜಕೀಯ ನಮಗೆ ಇಲ್ಲಿ ಬೇಡ. ಒಂದು ರಾಜ್ಯದ ಅಧಿಕಾರದ ಪತ್ರಕ್ಕೇ ಈ ಗತಿ ಬಂದಮೇಲೆ ಕ್ಯಾಂಟೀನಿನ ಸೋದರನ ಅರ್ಜಿಗೆ ಬಾರದೆ ಇದ್ದೀತೆ? ಆದ್ದರಿಂದ ಮುಖ್ಯವಾದ ಕಾಗದವನ್ನು ಒಂದೇ ದಾರಿಯಲ್ಲಿ ಕಳುಹಿಸಿ ಸುಮ್ಮನಾಗಬೇಡಿ. ಫ್ಯಾಕ್ಸ್ ಹೋದರೂ ಅದೇ ದಿನ ಈಮೇಲ್ ಮಾಡಿ, ಸ್ಪೀಡ್ ಪೋಸ್ಟ್ ಹಾಕಿ, ಮೂರರ ರಸೀತಿಗಳನ್ನೂ ಒಂದೇ ಕಡತದಲ್ಲಿಡಿ.

ಕೊನೆಯದಾಗಿ ಒಂದು ವಿನಂತಿ. ಪ್ರತಿಯೊಂದು ಶಾಖೆಯಲ್ಲಿ ಇಬ್ಬರಾದರೂ ಈ ಕೆಲಸವನ್ನು ಕೈಯಾರೆ ಮಾಡಿ ಕಲಿಯಬೇಕು. ಅವರಲ್ಲಿ ಒಬ್ಬರು ಮನೆಯ ಹೆಂಗಸರಾಗಿದ್ದರೆ ಇನ್ನೂ ಒಳ್ಳೆಯದು, ಏಕೆಂದರೆ ನಾವು ಪಾಳಿಯಲ್ಲಿರುವಾಗ ಯಂತ್ರದ ಬಳಿ ಇರುವವರು ಅವರೇ. ಮುಂದಿನ ಭಾನುವಾರ ಸಾಯಂಕಾಲ 4 ಗಂಟೆಗೆ ಯಂತ್ರವನ್ನು ಮೇಜಿನ ಮೇಲಿಟ್ಟು ಎಲ್ಲವನ್ನೂ ಬಿಚ್ಚಿ ಜೋಡಿಸಿ ತೋರಿಸುತ್ತೇವೆ. ಮನೆಯಲ್ಲಿ ಬಿದ್ದಿರುವ ಹಳೆಯ ಫಿಲ್ಟರು, ಫೋನು, ತಂತಿ ಇದ್ದವರು ತನ್ನಿ. ಮಕ್ಕಳನ್ನೂ ಕರೆತನ್ನಿ.